ಸ್ಟೀರಿಂಗ್ ಲಾಕ್ ಆಗಿದೆ, ಚಾವಿ ತಿರುಗುತ್ತಿಲ್ಲ: ಹಳೆಯ ಕಾರಿಗೆ ಕೊಬ್ಬರಿ ಎಣ್ಣೆ, ಕೋಲಾ, ಸುತ್ತಿಗೆ ಮದ್ದಾಗುತ್ತವೆಯೇ?

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ತೋಟದ ಮನೆಗಳಲ್ಲಿ ಒಂದು ಹಳೆಯ ಕಾರು ಸಾಮಾನ್ಯವಾಗಿ ಕಾಣಸಿಗುತ್ತದೆ. ಅಜ್ಜನ ಕಾಲದ ಅಂಬಾಸಡರ್, ಅಪ್ಪ ಕೊಂಡ ಮಾರುತಿ 800, ಇಲ್ಲವೇ ಒಂದು ಪದ್ಮಿನಿ. ಮಾರಲು ಮನಸ್ಸಿಲ್ಲ, ದಿನಾ ಓಡಿಸಲು ಕೆಲಸವಿಲ್ಲ. ಮದುವೆಗೋ ಜಾತ್ರೆಗೋ ಹೊರಗೆ ತೆಗೆಯೋಣವೆಂದು ಹೋದರೆ ಸ್ಟೀರಿಂಗ್ ಕಲ್ಲಿನಂತೆ ನಿಂತಿರುತ್ತದೆ, ಚಾವಿ ಒಳಗೆ ಹೋಗುತ್ತದೆ ಆದರೆ ತಿರುಗುವುದಿಲ್ಲ. ಆಗ ಮೊದಲು ಹೊರಬರುವುದು ಮೊಬೈಲ್. ಅದರಲ್ಲಿ ಯಾರೋ ಫಾರ್ವರ್ಡ್ ಮಾಡಿದ ಉಪಾಯಗಳಿಗೆ ಬರವಿಲ್ಲ: ಲಾಕ್‌ಗೆ ಎರಡು ಹನಿ ಕೊಬ್ಬರಿ ಎಣ್ಣೆ ಬಿಡಿ, ಕೋಲಾ ಸುರಿಯಿರಿ, ಚಾವಿಯ ತಲೆಗೆ ಸುತ್ತಿಗೆಯಿಂದ ಹೊಡೆಯಿರಿ, ಪಕ್ಕಡದಿಂದ ಹಿಡಿದು ತಿರುಗಿಸಿ. ಇವುಗಳ ಜೊತೆಗೆ ಬಹಳ ಹಳೆಯ ಸಲಹೆಯೊಂದೂ ಓಡಾಡುತ್ತಿರುತ್ತದೆ: ಇಳಿಜಾರಿನಲ್ಲಿ ಚಾವಿ ಆಫ್ ಮಾಡಿ, ಪೆಟ್ರೋಲ್ ಉಳಿಸಿ.

ಮೊದಲ ನಾಲ್ಕು ಸಲಹೆಗಳು ಲಾಕ್ ಕೆಡಿಸುತ್ತವೆ. ಐದನೆಯದು, ಅದರಲ್ಲೂ ಸವೆದ ಲಾಕ್ ಇರುವ ಹಳೆಯ ಕಾರಿನಲ್ಲಿ, ಜೀವ ತೆಗೆಯಬಹುದು.

ನಮ್ಮ ಕಡೆ ಕೀಲಿ ಎಂದರೆ ಬೀಗ, ಮೈಸೂರು ಕಡೆಯವರಿಗೆ ಕೀಲಿ ಎಂದರೆ ಚಾವಿ. ಗೊಂದಲ ಬೇಡವೆಂದು ಈ ಲೇಖನದಲ್ಲಿ ಚಾವಿ, ಲಾಕ್ ಎಂದೇ ಬರೆದಿದ್ದೇವೆ.

ಮೊದಲು ಇದನ್ನು ಮಾಡಿ ನೋಡಿ

ಸ್ಟೀರಿಂಗ್ ಬಿಗಿಯಾಗಿದೆ, ಚಾವಿ ತಿರುಗುತ್ತಿಲ್ಲ ಎಂದ ಮಾತ್ರಕ್ಕೆ ಲಾಕ್ ಕೆಟ್ಟಿದೆ ಎಂದಲ್ಲ. ಎಷ್ಟೋ ಸಲ ಲಾಕ್ ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿರುತ್ತದೆ. ಎಡಗೈಯಲ್ಲಿ ಸ್ಟೀರಿಂಗ್ ಹಿಡಿದು ಎಡಕ್ಕೊಮ್ಮೆ, ಬಲಕ್ಕೊಮ್ಮೆ ಮೆಲ್ಲಗೆ ಅಲುಗಿಸಿ. ಒಂದು ಕಡೆ ಗೋಡೆಗೆ ತಾಗಿದಂತೆ ಗಟ್ಟಿಯಾಗಿ ನಿಲ್ಲುತ್ತದೆ, ಇನ್ನೊಂದು ಕಡೆ ಕೂದಲೆಳೆಯಷ್ಟು ಸಡಿಲ ಸಿಗುತ್ತದೆ. ಸಡಿಲ ಸಿಕ್ಕ ಕಡೆಗೇ ಸ್ಟೀರಿಂಗನ್ನು ಒತ್ತಿ ಹಿಡಿದು, ಅದೇ ಹೊತ್ತಿಗೆ ಬಲಗೈಯಿಂದ ಚಾವಿಯನ್ನು ಹಗುರವಾಗಿ ತಿರುಗಿಸಿ. ಎರಡು ಕೈಗಳೂ ಒಟ್ಟಿಗೆ ಕೆಲಸ ಮಾಡಬೇಕು. ಟಕ್ ಎಂದು ಬಿಟ್ಟುಕೊಂಡರೆ ಮುಗಿಯಿತು, ನಿಮ್ಮ ಕಾರಿಗೆ ರಿಪೇರಿಯೇ ಬೇಕಿರಲಿಲ್ಲ.

ಬಿಡಲಿಲ್ಲ ಎಂದರೆ ಮುಂದಿನ ಟೈರ್ ನೋಡಿ. ಅದು ಕಲ್ಲಿಗೋ ಕಟ್ಟೆಗೋ ಒರಗಿ ನಿಂತಿರಬಹುದು. ಇಬ್ಬರು ಸೇರಿ ಗಾಡಿಯನ್ನು ನಾಲ್ಕು ಬೆರಳಿನಷ್ಟು ಹಿಂದಕ್ಕೋ ಮುಂದಕ್ಕೋ ಜರುಗಿಸಿ, ಮತ್ತೆ ಪ್ರಯತ್ನಿಸಿ. ಗಾಡಿ ನಿಂತಿರುವುದು ಇಳಿಜಾರಿನಲ್ಲಾದರೆ ಜರುಗಿಸುವ ಕೆಲಸ ಬೇಡ, ಸ್ಟೀರಿಂಗ್ ಲಾಕ್ ಆಗಿರುವ ಕಾರು ಉರುಳತೊಡಗಿದರೆ ತಿರುಗಿಸಿ ತಪ್ಪಿಸಲಾಗುವುದಿಲ್ಲ.

ಅಷ್ಟು ಸಣ್ಣ ಪಿನ್ ಇಡೀ ಸ್ಟೀರಿಂಗ್ ಹಿಡಿಯುವುದು ಹೇಗೆ?

ಸ್ಟೀರಿಂಗ್ ಕಂಬದ ಮಗ್ಗುಲಲ್ಲಿ, ಚಾವಿ ಹಾಕುವ ಲಾಕ್‌ನ ಹಿಂದೆ ಒಂದು ಉಕ್ಕಿನ ಪಿನ್ ಇರುತ್ತದೆ. ಅದರ ಬೆನ್ನಿಗೆ ಸ್ಪ್ರಿಂಗ್. ಚಾವಿ ಹೊರತೆಗೆದಾಗ ಸ್ಪ್ರಿಂಗ್ ಪಿನ್ನನ್ನು ಮುಂದಕ್ಕೆ ತಳ್ಳುತ್ತದೆ, ಸ್ಟೀರಿಂಗ್ ಸ್ವಲ್ಪ ತಿರುಗಿದಾಗ ಪಿನ್ ಅದರ ಶಾಫ್ಟ್‌ನಲ್ಲಿರುವ ಗಾಡಿಗೆ, ಅಂದರೆ ಕೊರೆದಿಟ್ಟ ಸೀಳಿಗೆ, ಬೀಳುತ್ತದೆ. ಚಾವಿ ಹಾಕಿ ತಿರುಗಿಸಿದಾಗ ಒಳಗಿನ ಸಣ್ಣ ಕ್ಯಾಮ್ ಪಿನ್ನನ್ನು ವಾಪಸ್ ಎಳೆಯುತ್ತದೆ.

ಈಗ ಲೆಕ್ಕ ಹಾಕಿ. ಗಾಡಿ ನಿಲ್ಲಿಸುವಾಗ ಟೈರ್ ತಿರುಚಿಕೊಂಡಿದೆ, ಆ ರಬ್ಬರಿನ ಸೆಟೆತ ಸ್ಟೀರಿಂಗ್ ಚಕ್ರದ ಅಂಚಿನಲ್ಲಿ 5 ಕೆಜಿ ಎಳೆತಕ್ಕೆ ಸಮ ಎಂದಿಟ್ಟುಕೊಳ್ಳೋಣ. ಚಕ್ರದ ನಡುವಿನಿಂದ ಅಂಚಿಗೆ ಸುಮಾರು 19 ಸೆಂಟಿಮೀಟರ್. ಪಿನ್ ಕೂತಿರುವುದು ನಡುವಿನಿಂದ 2 ಸೆಂಟಿಮೀಟರ್ ದೂರದಲ್ಲಿ ಎಂದರೆ ಅದರ ಮೇಲೆ ಬೀಳುವ ಒತ್ತಡ ಒಂಬತ್ತೂವರೆ ಪಟ್ಟು, ಹೆಚ್ಚುಕಡಿಮೆ 47 ಕೆಜಿ. ಒಂದು ಸಿಮೆಂಟ್ ಚೀಲ ಪಿನ್ನಿನ ಪಕ್ಕಕ್ಕೆ ಒರಗಿ ನಿಂತ ಹಾಗೆ. ಅದರಿಂದ ಹುಟ್ಟುವ ಘರ್ಷಣೆಯನ್ನು ಮೀರಿ ಪಿನ್ನನ್ನು ಎಳೆಯಬೇಕಾದದ್ದು ಎರಡು ಬೆರಳಲ್ಲಿ ಹಿಡಿದ ಹಿತ್ತಾಳೆಯ ಚಾವಿ. ಸ್ಟೀರಿಂಗನ್ನು ಸಡಿಲವಾಗುವ ಕಡೆಗೆ ಒತ್ತಿದರೆ ಆ ಭಾರ ನಿಮ್ಮ ತೋಳಿಗೆ ವರ್ಗವಾಗುತ್ತದೆ, ಪಿನ್ ಹಗುರವಾಗುತ್ತದೆ. ಭಾರ ಹಾಗೆಯೇ ಇರುವಾಗ ಪಕ್ಕಡ ಹಾಕಿ ತಿರುವಿದರೆ ಪಿನ್ ಬರುವುದಿಲ್ಲ, ಚಾವಿಯೇ ಮುರಿಯುತ್ತದೆ.

ಇದು ಪಿನ್ನಿನ ಕಥೆ. ಚಾವಿ ಹೋಗುವ ಲಾಕ್‌ನದ್ದು ಬೇರೆಯೇ ಕಥೆ. ಅದರೊಳಗೆ ಸಾಲಾಗಿ ಹಿತ್ತಾಳೆಯ ತೆಳು ಬಿಲ್ಲೆಗಳಿರುತ್ತವೆ, ಒಂದೊಂದಕ್ಕೂ ಕೂದಲಿನಂಥ ಸಣ್ಣ ಸ್ಪ್ರಿಂಗ್. ಚಾವಿಯ ಹಲ್ಲುಗಳು ಪ್ರತಿ ಬಿಲ್ಲೆಯನ್ನೂ ಅದರದರ ಎತ್ತರಕ್ಕೆ ತಂದು ನಿಲ್ಲಿಸುತ್ತವೆ. ಎಲ್ಲವೂ ಒಂದೇ ಸಾಲಿಗೆ ಬಂದಾಗ ಮಾತ್ರ ಒಳಗಿನ ಸಿಲಿಂಡರ್ ತಿರುಗುತ್ತದೆ. ಚಾವಿಯ ಒಂದು ಹಲ್ಲಿನ ಆಳಕ್ಕೂ ಇನ್ನೊಂದರ ಆಳಕ್ಕೂ ಇರುವ ಮೆಟ್ಟಿಲು ಸುಮಾರು ಅರ್ಧ ಮಿಲಿಮೀಟರ್. ಅಷ್ಟು ಸೂಕ್ಷ್ಮ ಜಾಗದಲ್ಲಿ ಏನು ಸುರಿದರೂ, ಏನು ಸೇರಿದರೂ ಲೆಕ್ಕ ತಪ್ಪುತ್ತದೆ.

ಕೊಬ್ಬರಿ ಎಣ್ಣೆ, ಕುಸುಬಿ ಎಣ್ಣೆ

ಎಣ್ಣೆ ಹಾಕಿದ ತಕ್ಷಣ ಚಾವಿ ಸಲೀಸಾಗಿ ತಿರುಗುವುದು ನಿಜ. ಫಾರ್ವರ್ಡ್ ಹರಡುವುದೂ ಅದಕ್ಕೇ, ವಿಡಿಯೊ ಮಾಡಿದವರು ಎರಡು ತಿಂಗಳ ನಂತರ ಏನಾಯಿತೆಂದು ತೋರಿಸುವುದಿಲ್ಲ.

ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಟ್ಟಿಯಾಗುತ್ತದೆ. ಚಳಿಗಾಲದಲ್ಲಿ ತಲೆಗೆ ಹಚ್ಚುವ ಬಾಟಲಿಯನ್ನು ಬಿಸಿಲಿಗಿಟ್ಟವರಿಗೆಲ್ಲ ಇದು ಗೊತ್ತು. ಡಿಸೆಂಬರ್, ಜನವರಿಯ ಬೆಳಗಿನ ಜಾವ ಬೆಳಗಾವಿ ಸೀಮೆಯಲ್ಲಿ ತಾಪಮಾನ 15 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಆಗ ಲಾಕ್‌ನೊಳಗಿನ ಎಣ್ಣೆ ಮೇಣವಾಗಿ ಬಿಲ್ಲೆಗಳನ್ನು ಹಿಡಿದುಕೊಳ್ಳುತ್ತದೆ, ಆ ದುರ್ಬಲ ಸ್ಪ್ರಿಂಗ್‌ಗಳಿಗೆ ಅದನ್ನು ಬಿಡಿಸಿಕೊಳ್ಳುವ ತಾಕತ್ತಿಲ್ಲ. ಮಧ್ಯಾಹ್ನ ಬಿಸಿಲೇರಿದಾಗ ಚಾವಿ ತಿರುಗುತ್ತದೆ, ಮರುದಿನ ಬೆಳಿಗ್ಗೆ ಮತ್ತೆ ಅದೇ ತೊಂದರೆ.

ಉತ್ತರ ಕರ್ನಾಟಕದ ಅಡುಗೆಮನೆಯಲ್ಲಿ ಸುಲಭವಾಗಿ ಕೈಗೆ ಸಿಗುವ ಕುಸುಬಿ ಎಣ್ಣೆ ಇನ್ನೂ ಕೆಟ್ಟದ್ದು. ಅದು ಒಣಗುವ ಜಾತಿಯ ಎಣ್ಣೆ: ಗಾಳಿಯ ಆಮ್ಲಜನಕದೊಂದಿಗೆ ಸೇರಿ ನಿಧಾನವಾಗಿ ಪೊರೆಗಟ್ಟುತ್ತದೆ. ಈ ಗುಣಕ್ಕಾಗಿಯೇ ಚಿತ್ರಕಲಾವಿದರ ಬಿಳಿ ಎಣ್ಣೆಬಣ್ಣಗಳಲ್ಲಿ ಅದನ್ನು ಬಳಸುತ್ತಾರೆ. ಲಾಕ್‌ಗೆ ಕುಸುಬಿ ಎಣ್ಣೆ ಬಿಟ್ಟರೆ ಬಿಲ್ಲೆಗಳಿಗೆ ಬಣ್ಣ ಬಳಿದ ಹಾಗೆ. ರೊಟ್ಟಿಯ ಜೊತೆಗೆ, ಚಟ್ನಿಪುಡಿಯ ಮೇಲೆ ಅದಕ್ಕಿಂತ ಒಳ್ಳೆಯದಿಲ್ಲ, ಅಲ್ಲೇ ಇರಲಿ. ಶೇಂಗಾ ಎಣ್ಣೆ ಕುಸುಬಿಯಷ್ಟು ಬೇಗ ಪೊರೆಗಟ್ಟದಿದ್ದರೂ ಕಾಲಕ್ರಮದಲ್ಲಿ ಅಂಟಾಗುತ್ತದೆ. ಇಂಜಿನ್ ಆಯಿಲ್ ಒಣಗುವುದಿಲ್ಲ, ಆದರೆ ಧೂಳನ್ನು ಕರೆದು ಕೂರಿಸಿಕೊಳ್ಳುತ್ತದೆ. ಕಬ್ಬು ಸಾಗಿಸುವ ಕಾಲದಲ್ಲಿ ಟ್ರಾಲಿಗಳ ಹಿಂದೆ ಏಳುವ ಎರೆಮಣ್ಣಿನ ಹುಡಿಗೆ ಈ ಜಿಡ್ಡು ಸೇರಿದರೆ ಉಕ್ಕು ತಿಕ್ಕುವ ಪೇಸ್ಟ್ ಮನೆಯಲ್ಲೇ ತಯಾರು.

ಹಾಗಾದರೆ ಅಂಗಡಿಯಲ್ಲಿ ಸಿಗುವ ಡಬ್ಲ್ಯುಡಿ-40 ಸ್ಪ್ರೇ? ಹೆಸರಿನಲ್ಲೇ ಅದರ ಉದ್ದೇಶವಿದೆ. 1953ರಲ್ಲಿ ಅಮೆರಿಕದ ಸ್ಯಾನ್ ಡಿಯೇಗೊದಲ್ಲಿ ನೀರನ್ನು ತಳ್ಳಿಹಾಕುವ ದ್ರಾವಣಕ್ಕಾಗಿ ನಡೆದ 40ನೆಯ ಪ್ರಯತ್ನ ಅದು. ಒದ್ದೆಯಾದ ಲಾಕ್‌ನ ನೀರು ಹೊರಹಾಕಲು, ಹಳೆಯ ಜಿಡ್ಡು ಕರಗಿಸಲು ಅದು ಉಪಯೋಗಕ್ಕೆ ಬರುತ್ತದೆ. ಆದರೆ ತಿಂಗಳಿಗೊಮ್ಮೆ ಲಾಕ್‌ಗೆ ಹೊಡೆಯುವ ಎಣ್ಣೆಯಂತೆ ಬಳಸಿದರೆ ಉಳಿಯುವ ತೆಳು ಪದರಕ್ಕೆ ಧೂಳು ಅಂಟುತ್ತದೆ.

ಲಾಕ್‌ಗೆ ಬೇಕಾದದ್ದು ಒಣ ಜಾರುಪುಡಿ. ಗ್ರಾಫೈಟ್ ಪುಡಿ ಅಥವಾ ಒಣಗಿ ಪುಡಿಯಾಗಿ ಕೂರುವ ಪಿಟಿಎಫ್ಇ ಸ್ಪ್ರೇ, ಎರಡರಲ್ಲಿ ಒಂದು. ಚಾವಿಯ ಹಲ್ಲುಗಳಿಗೆ ಪೆನ್ಸಿಲ್ ತಿಕ್ಕಿ ಹಾಕಿ ತೆಗೆಯಿರಿ ಎಂಬ ಫಾರ್ವರ್ಡ್ ಇದೆಯಲ್ಲ, ಅದರಲ್ಲಿ ಹುರುಳಿದೆ: ಪೆನ್ಸಿಲ್‌ನ ಕಡ್ಡಿಯಲ್ಲಿರುವುದು ಗ್ರಾಫೈಟ್. ಜೊತೆಗೆ ಜೇಡಿಮಣ್ಣೂ ಇರುವುದರಿಂದ ಮೆದುವಾದ 4ಬಿ, 6ಬಿ ಪೆನ್ಸಿಲ್ ವಾಸಿ, ಅದೂ ತಾತ್ಕಾಲಿಕಕ್ಕೆ. ಆದರೆ ಈಗಾಗಲೇ ಎಣ್ಣೆ ಬಿಟ್ಟಿರುವ ಲಾಕ್‌ಗೆ ಗ್ರಾಫೈಟ್ ಹಾಕಬೇಡಿ. ಎರಡೂ ಸೇರಿ ಕಪ್ಪು ಕೆಸರಾಗುತ್ತದೆ, ಮೊದಲು ಎಣ್ಣೆ ಹೋಗಬೇಕು.

ಕೋಲಾ ತುಕ್ಕು ತಿನ್ನುತ್ತದೆ, ಆದರೆ ಲಾಕ್ ತುಕ್ಕಿನದ್ದಲ್ಲ

ಕೋಲಾದಲ್ಲಿ ಫಾಸ್ಫರಿಕ್ ಆಮ್ಲವಿದೆ, ಅದರ ಪಿಎಚ್ ಸುಮಾರು 2.5. ತುಕ್ಕು ಹಿಡಿದ ಕಬ್ಬಿಣದ ಬೋಲ್ಟನ್ನು ಅದರಲ್ಲಿ ಗಂಟೆಗಟ್ಟಲೆ ನೆನೆಸಿದರೆ ತುಕ್ಕು ಸ್ವಲ್ಪ ಬಿಡುತ್ತದೆ, ಅಷ್ಟು ನಿಜ. ಆದರೆ ಕಾರಿನ ಲಾಕ್‌ನ ಕವಚ ಸಾಮಾನ್ಯವಾಗಿ ಕಬ್ಬಿಣದ್ದಲ್ಲ, ಅಚ್ಚಿಗೆ ಎರೆದ ಸತುವಿನ ಮಿಶ್ರಲೋಹ. ಇದರ ಸಾಮಾನ್ಯ ಬಗೆಯಲ್ಲಿ ಸುಮಾರು 96 ಪಾಲು ಸತು, 4 ಪಾಲು ಅಲ್ಯೂಮಿನಿಯಂ ಇರುತ್ತದೆ. ಸತು ಆಮ್ಲದಲ್ಲಿ ಕರಗುವ ಲೋಹ. ಲಿಂಬೆರಸ, ಹುಣಸೆನೀರು, ವಿನೆಗರ್ ಎಲ್ಲದಕ್ಕೂ ಇದೇ ಮಾತು ಅನ್ವಯಿಸುತ್ತದೆ. ಅದರ ಮೇಲೆ 100 ಮಿಲಿಲೀಟರ್ ಕೋಲಾದಲ್ಲಿ ಸುಮಾರು 10 ಗ್ರಾಂ ಸಕ್ಕರೆ. ನೀರು ಆರಿದ ಮೇಲೆ ಒಳಗುಳಿಯುವುದು ಪಾಕ. ಸಕ್ಕರೆ ಕಾರ್ಖಾನೆಗಳ ಸೀಮೆಯವರಿಗೆ ಪಾಕ ಆರಿದರೆ ಹೇಗೆ ಹಿಡಿಯುತ್ತದೆಂದು ಬೇರೆ ಹೇಳಬೇಕಿಲ್ಲ. ಲಾಕ್‌ನ ಬೆನ್ನಿಗೇ ಇಗ್ನಿಷನ್ ಸ್ವಿಚ್‌ನ ತಾಮ್ರದ ಸಂಪರ್ಕಗಳಿವೆ ಎಂಬುದನ್ನೂ ಮರೆಯಬಾರದು, ಸುರಿದದ್ದು ಅಲ್ಲಿಗೂ ಇಳಿಯುತ್ತದೆ.

ಪೆಟ್ರೋಲಿನಿಂದ ತೊಳೆಯಿರಿ ಎನ್ನುವವರಿದ್ದಾರೆ. ಸ್ವಿಚ್ ತಿರುಗಿದಾಗ ಕಿಡಿ ಹಾರುವ ಜಾಗಕ್ಕೆ, ಮುಚ್ಚಿದ ಕಾರಿನೊಳಗೆ ಪೆಟ್ರೋಲ್. ಇದಕ್ಕೆ ವಿವರಣೆ ಬೇಕಿಲ್ಲ.

ಸುತ್ತಿಗೆ ಮತ್ತು ಫೆವಿಕ್ವಿಕ್

ತಟ್ಟುವುದರಲ್ಲಿ ಅರ್ಧ ಸತ್ಯವಿದೆ. ಸಿಕ್ಕಿಕೊಂಡ ಬಿಲ್ಲೆ ಕಂಪನಕ್ಕೆ ಬಿಟ್ಟುಕೊಳ್ಳುತ್ತದೆ. ಅದಕ್ಕೆ ಚಾವಿ ಒಳಗಿರುವಾಗ ಅದರ ತಲೆಯನ್ನು ಸ್ಕ್ರೂಡ್ರೈವರ್‌ನ ಮರದ ಇಲ್ಲವೇ ಪ್ಲಾಸ್ಟಿಕ್ ಹಿಡಿಯಿಂದ, ಬಾಗಿಲು ಬಡಿದಷ್ಟು ಮೆಲ್ಲಗೆ ನಾಲ್ಕೈದು ಸಲ ತಟ್ಟಿದರೆ ಸಾಕು. ಸುತ್ತಿಗೆ ಏಟಿಗೆ ಎರಕದ ಸತು ಬಾಗುವುದಿಲ್ಲ, ಸೀಳುತ್ತದೆ. ಸೀಳಿದ ಕವಚದ ಚೂರು ಪಿನ್ನಿನ ದಾರಿಯಲ್ಲಿ ಬಿದ್ದರೆ ಆಗುವ ಅಪಾಯವನ್ನು ಮುಂದೆ ನೋಡೋಣ.

ಚಾವಿ ಮುರಿದು ಅರ್ಧ ಒಳಗೆ ಉಳಿಯಿತೇ? ಮುರಿದ ತುದಿಗೆ ಫೆವಿಕ್ವಿಕ್ ಹಚ್ಚಿ ಒಳಗಿನ ತುಂಡಿಗೆ ಅಂಟಿಸಿ ಎಳೆಯುವ ವಿಡಿಯೊ ನೋಡಿರುತ್ತೀರಿ. ಅಂಥ ಅಂಟು ನೀರಿಗಿಂತ ಹೆಚ್ಚು ದಪ್ಪವಿಲ್ಲ, ಸಂದಿ ಕಂಡಲ್ಲಿ ತಾನಾಗಿಯೇ ಹರಿದು ಹೋಗುತ್ತದೆ, ಗಾಳಿಯ ತೇವಾಂಶಕ್ಕೆ ಕ್ಷಣದಲ್ಲಿ ಗಟ್ಟಿಯಾಗುತ್ತದೆ. ಚಾವಿಯ ತುಂಡಿನ ಜೊತೆ ಬಿಲ್ಲೆಗಳೂ ಸಿಲಿಂಡರಿಗೆ ಅಂಟುತ್ತವೆ. ಹತ್ತು ನಿಮಿಷದಲ್ಲಿ ಚಾವಿ ಮಾಡುವವರು ತೆಗೆಯಬಹುದಾಗಿದ್ದ ತುಂಡಿಗಾಗಿ ಇಡೀ ಲಾಕ್ ಬದಲಿಸಬೇಕಾಗುತ್ತದೆ. ತುಂಡು ಸ್ವಲ್ಪ ಹೊರಗೆ ಕಾಣುತ್ತಿದ್ದರೆ ಚಿಮುಟದಿಂದ ನೇರವಾಗಿ ಎಳೆಯಿರಿ, ಕಾಣದಿದ್ದರೆ ಕೈ ಹಾಕಬೇಡಿ.

ಚಾವಿಯೇ ಕಳ್ಳನಾಗಿರಬಹುದು

ಮನೆಯಲ್ಲಿ ಬಳಸದೆ ಇಟ್ಟ ಎರಡನೆಯ ಚಾವಿ ಇದ್ದರೆ ಅದನ್ನು ಹುಡುಕಿ ತನ್ನಿ. ಅದು ಸಲೀಸಾಗಿ ತಿರುಗಿದರೆ ಲಾಕ್ ಸರಿಯಿದೆ, ದಿನಬಳಕೆಯ ಚಾವಿ ಸವೆದಿದೆ. ಎರಡನ್ನೂ ಬೆನ್ನಿಗೆ ಬೆನ್ನು ಸೇರಿಸಿ ಬೆಳಕಿಗೆ ಹಿಡಿದರೆ ಹಲ್ಲುಗಳ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಮೂವತ್ತು ವರ್ಷ ಹಳೆಯ ಕಾರುಗಳಲ್ಲಿ ಎಲ್ಲರೂ ಕಡೆಗಣಿಸುವ ವಿಷಯ ಇದು. ಮೂಲ ಚಾವಿ ಎಂದೋ ಕಳೆದಿರುತ್ತದೆ. ಸವೆದ ಚಾವಿಯಿಂದ ನಕಲು ಮಾಡಿಸಿರುತ್ತಾರೆ, ಆ ನಕಲು ಸವೆದ ಮೇಲೆ ಅದರಿಂದ ಇನ್ನೊಂದು. ಚಾವಿ ಕತ್ತರಿಸುವ ಯಂತ್ರ ತನ್ನ ಮುಂದಿಟ್ಟದ್ದನ್ನು ಸವಕಳಿಯ ಸಮೇತ ನಕಲು ಮಾಡುತ್ತದೆ, ತನ್ನದೂ ಸ್ವಲ್ಪ ತಪ್ಪು ಸೇರಿಸುತ್ತದೆ. ಅರ್ಧ ಮಿಲಿಮೀಟರ್ ಮೆಟ್ಟಿಲಿನ ಲಾಕ್‌ಗೆ ಮೂರನೆಯ ತಲೆಮಾರಿನ ಚಾವಿ ಹೊಸದಾಗಿ ಹೊಳೆಯುತ್ತಿದ್ದರೂ ತಪ್ಪು ಚಾವಿಯೇ. ಕಾರು ಕೊಂಡಾಗ ಚಾವಿಯ ಜೊತೆ ಬಂದಿದ್ದ ಲೋಹದ ಬಿಲ್ಲೆಯಲ್ಲೋ ಮೂಲ ಚಾವಿಯ ಮೇಲೋ ಸಣ್ಣ ಸಂಖ್ಯೆ ಇರುವುದುಂಟು. ಅದರಿಂದ ಕಾರ್ಖಾನೆಯ ಅಳತೆಯ ಚಾವಿ ಕತ್ತರಿಸಬಹುದು. ಹಳೆಯ ಕಾಗದಪತ್ರಗಳ ಚೀಲದಲ್ಲಿ ಒಮ್ಮೆ ಹುಡುಕಿ. ಸಿಕ್ಕರೆ ಅದರ ಫೋಟೊ ತೆಗೆದಿಟ್ಟುಕೊಳ್ಳಿ, ಆದರೆ ಗ್ರೂಪಿಗೆ ಹಾಕಬೇಡಿ: ಆ ಸಂಖ್ಯೆ ಇದ್ದವರು ನಿಮ್ಮ ಕಾರಿನ ಚಾವಿ ಮಾಡಿಸಬಹುದು. ಚಾವಿ ಮಾಡುವವರು ಆರ್‌ಸಿ ಕೇಳಿದರೆ ಬೇಸರ ಬೇಡ, ಕೇಳದವರ ಬಳಿಗೇ ಹೋಗಬಾರದು.

ಹೊಳೆಯ ನೀರು ಹೊಕ್ಕ ಕಾರು

2019ರ ಆಗಸ್ಟ್‌ನಲ್ಲಿ ಘಟಪ್ರಭೆ ಗೋಕಾಕ ಪಟ್ಟಣದೊಳಗೇ ಬಂದಾಗ, ಲೋಳಸೂರ ಸೇತುವೆ ಮುಳುಗಿದಾಗ ಮನೆಗಳ ಜೊತೆ ವಾಹನಗಳೂ ನೀರಲ್ಲಿ ನಿಂತವು. 2021ರ ಜುಲೈಯಲ್ಲಿ ಮತ್ತೆ ಪ್ರವಾಹ. ಹೊಳೆಯ ನೀರು ಬರೀ ನೀರಲ್ಲ, ಹಿಟ್ಟಿನಷ್ಟು ನಯವಾದ ಹೂಳನ್ನು ಹೊತ್ತಿರುತ್ತದೆ. ನೀರು ಇಳಿದ ಮೇಲೆ ಅದು ಲಾಕ್‌ನೊಳಗೆ ಒಣಗಿ ಗಟ್ಟಿಯಾಗುತ್ತದೆ. ಇಂಥ ಕಾರಿನಲ್ಲಿ ಚಾವಿ ತಿರುಗದಿರುವುದೇ ಒಂದು ರೀತಿಯಲ್ಲಿ ಒಳ್ಳೆಯದು, ಏಕೆಂದರೆ ಇಂಜಿನ್ನಿನೊಳಗೆ ನೀರಿದ್ದಾಗ ಸ್ಟಾರ್ಟ್ ಮಾಡಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ.

ಹೂಳು ಸೇರಿದ ಲಾಕ್‌ಗೂ ವರ್ಷಗಳ ಜಿಡ್ಡು ಕಟ್ಟಿದ ಲಾಕ್‌ಗೂ ಕ್ರಮ ಒಂದೇ. ಮೊದಲು ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿ. ಕಾರಿನ ಬಾಗಿಲುಗಳನ್ನೆಲ್ಲ ತೆರೆದಿಡಿ. ಪ್ಲಾಸ್ಟಿಕ್‌ಗೆ ಹಾನಿ ಮಾಡದ ಎಲೆಕ್ಟ್ರಿಕಲ್ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇಯ ತೆಳು ನಳಿಕೆಯನ್ನು ಚಾವಿಯ ಸಂದಿಗೆ ಇಟ್ಟು ಧಾರಾಳವಾಗಿ ಹೊಡೆಯಿರಿ, ಕೆಳಗೆ ಬಟ್ಟೆ ಹಿಡಿಯಿರಿ. ಮೊದಲು ಕಪ್ಪು ಇಲ್ಲವೇ ಮಣ್ಣಿನ ಬಣ್ಣದ ರಸ ಇಳಿಯುತ್ತದೆ. ಚಾವಿಯನ್ನು ಹಾಕಿ ತೆಗೆದು, ಹಾಕಿ ತೆಗೆದು, ಪ್ರತಿ ಸಲ ಒರೆಸಿ. ತಿರುಗಿಸುವ ಅವಸರ ಬೇಡ, ಬಿಲ್ಲೆಗಳು ಮೇಲೆ ಕೆಳಗೆ ಆಡಿದರೆ ಸಾಕು. ಚಾವಿ ಸ್ವಚ್ಛವಾಗಿ ಹೊರಬರುವವರೆಗೆ ಇದನ್ನೇ ಮಾಡಿ. ಈ ಸ್ಪ್ರೇಗಳಲ್ಲಿ ಬಹುತೇಕವು ಬೆಂಕಿ ಹೊತ್ತಿಕೊಳ್ಳುವಂಥವು, ಬೀಡಿ ಸಿಗರೇಟು ದೂರ. ಅರ್ಧ ಗಂಟೆ ಗಾಳಿಗೆ ಆರಿಸಿ, ಒಣ ಜಾರುಪುಡಿ ಹಾಕಿ, ಆಮೇಲೆ ಬ್ಯಾಟರಿ ಜೋಡಿಸಿ.

ಇದರ ನಂತರವೂ ಚಾವಿ ತಿರುಗದಿದ್ದರೆ ಕೈ ಬಿಡಿ, ಅದು ಗ್ಯಾರೇಜಿನ ಕೆಲಸ. ಚಾವಿ ತಿರುಗುತ್ತದೆ, ಆದರೆ ಗಾಡಿ ಸ್ಟಾರ್ಟ್ ಆಗುವುದಿಲ್ಲ ಎಂದರೆ ದೋಷ ಲಾಕ್‌ನದ್ದಲ್ಲ. ಬ್ಯಾಟರಿ, ಅದರ ತುದಿಗಳು, ಲಾಕ್‌ನ ಹಿಂದಿನ ಸ್ವಿಚ್, ಸ್ಟಾರ್ಟರ್, ಈ ಸಾಲಿನಲ್ಲಿ ಹುಡುಕಬೇಕು.

ಇಳಿಜಾರಿನಲ್ಲಿ ಚಾವಿ ಆಫ್: ಎಷ್ಟು ಉಳಿಯುತ್ತದೆ?

ಬೆಳಗಾವಿಯಿಂದ ಹುಕ್ಕೇರಿ ಕಡೆ ಹೊರಟವರಿಗೆ ಹೆದ್ದಾರಿಯ ವಂಟಮುರಿ ಘಾಟ್ ಗೊತ್ತು. ಹಳೆಯ ಚಾಲಕರಲ್ಲಿ ಇಂಥ ಇಳಿಜಾರು ಬಂದೊಡನೆ ನ್ಯೂಟ್ರಲ್ ಮಾಡಿ ಚಾವಿ ಆಫ್ ಮಾಡುವ ರೂಢಿ ಇತ್ತು, ಇನ್ನೂ ಅಲ್ಲಲ್ಲಿ ಇದೆ.

ಉಳಿತಾಯದ ಲೆಕ್ಕ ಮೊದಲು. ಸಣ್ಣ ಕಾರ್ಬುರೇಟರ್ ಇಂಜಿನ್ ಸುಮ್ಮನೆ ತಿರುಗುತ್ತಿದ್ದರೆ ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್ ಪೆಟ್ರೋಲ್ ಕುಡಿಯುತ್ತದೆ ಎಂದು ಹಿಡಿಯಿರಿ. ಐದು ನಿಮಿಷದ ಇಳಿಜಾರಿಗೆ 40ರಿಂದ 60 ಮಿಲಿಲೀಟರ್. ಲೀಟರಿಗೆ 100 ರೂಪಾಯಿಯಂತೆ 4ರಿಂದ 6 ರೂಪಾಯಿ, ಒಂದು ಕಟ್ ಚಹಾ ಕೂಡ ಬರುವುದಿಲ್ಲ. ಈಗಿನ ಫ್ಯೂಯಲ್ ಇಂಜೆಕ್ಷನ್ ಕಾರುಗಳಲ್ಲಂತೂ ಗೇರಿನಲ್ಲಿಟ್ಟು ಆಕ್ಸಿಲರೇಟರ್ ಬಿಟ್ಟು ಇಳಿದರೆ ಕಂಪ್ಯೂಟರೇ ಇಂಧನ ನಿಲ್ಲಿಸುತ್ತದೆ. ನ್ಯೂಟ್ರಲ್ ಮಾಡಿದರೆ ಇಂಜಿನ್ ತಿರುಗಿಸಲು ಮತ್ತೆ ಇಂಧನ ಬೇಕು.

ಈಗ ಅಪಾಯದ ಲೆಕ್ಕ. ಲಾಕ್ ಸರಿಯಿರುವ ಕಾರಿನಲ್ಲಿ ಚಾವಿ ಒಳಗಿರುವವರೆಗೆ ಸ್ಟೀರಿಂಗ್ ಪಿನ್ ಬೀಳಬಾರದು. ಹಲವು ಕಾರುಗಳಲ್ಲಿ ಲಾಕ್ ಸ್ಥಾನಕ್ಕೆ ತಿರುಗಿಸಲು ಚಾವಿಯನ್ನು ಒಳಕ್ಕೆ ಒತ್ತಲೇಬೇಕು, ಅದು ಬೇಕೆಂದೇ ಇಟ್ಟ ತಡೆ. ಸವೆದ ಲಾಕ್‌ನಲ್ಲಿ ಈ ತಡೆ ಸತ್ತಿರುತ್ತದೆ. ಒತ್ತದೆಯೇ ಚಾವಿ ಪೂರ್ತಿ ಹಿಂದಕ್ಕೆ ಹೋಗುತ್ತದೆ, ಬಿಲ್ಲೆಗಳು ಸವೆದಿದ್ದರೆ ಓಡುವ ಗಾಡಿಯ ಕುಲುಕಾಟಕ್ಕೆ ಹೊರಗೂ ಬರುತ್ತದೆ. ಸುತ್ತಿಗೆ ಏಟು ತಿಂದ, ಕವಚ ಸೀಳಿದ ಲಾಕ್‌ನಲ್ಲಿ ಪಿನ್ನನ್ನು ಹಿಡಿದಿಡುವ ಭಾಗವೇ ಮುರಿದಿರಬಹುದು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಕಾರು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ತಿರುವಿನಲ್ಲಿ ಪಿನ್ ಬಿದ್ದರೆ ಚಾವಿ ಮತ್ತೆ ತಿರುಗಿಸುವಷ್ಟು ಹೊತ್ತು ಇರುವುದಿಲ್ಲ. ಮೇಲೆ ಹೇಳಿದ ಹಾಗೆ, ತಿರುವಿನ ಸೆಟೆತಕ್ಕೆ ಸಿಕ್ಕ ಪಿನ್ ಚಾವಿಗೆ ಜಗ್ಗುವುದೂ ಇಲ್ಲ. ಬ್ರೇಕ್ ಬೂಸ್ಟರ್ ಇರುವ ಕಾರಾದರೆ ಇಂಜಿನ್ ನಿಂತ ಮೇಲೆ ಒಂದೆರಡು ಸಲ ಒತ್ತುವಷ್ಟಕ್ಕೆ ಮಾತ್ರ ಅದರ ನೆರವು ಉಳಿದಿರುತ್ತದೆ, ಆಮೇಲೆ ಪೆಡಲ್ ಮರದಂತೆ ಗಟ್ಟಿ.

ಸ್ವಿಚ್ ತಾನಾಗಿ ಜಾರುವುದು ಊಹೆಯ ಮಾತಲ್ಲ. ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿ 2014ರಲ್ಲಿ ಸುಮಾರು 26 ಲಕ್ಷ ಕಾರುಗಳನ್ನು ಹಿಂದಕ್ಕೆ ಕರೆಯಬೇಕಾಯಿತು. ಅವುಗಳ ಇಗ್ನಿಷನ್ ಸ್ವಿಚ್ ಎಷ್ಟು ಸಡಿಲವಿತ್ತೆಂದರೆ, ಚಾವಿಗೊಂಚಲಿನ ಭಾರಕ್ಕೋ ಮೊಣಕಾಲು ತಾಗಿದ್ದಕ್ಕೋ ಚಾವಿ ಹಿಂದಕ್ಕೆ ಜಾರಿ ಇಂಜಿನ್ ನಿಲ್ಲುತ್ತಿತ್ತು, ಏರ್‌ಬ್ಯಾಗ್ ಕೂಡ ತೆರೆಯುತ್ತಿರಲಿಲ್ಲ. ಪರಿಹಾರ ನಿಧಿ ಒಪ್ಪಿಕೊಂಡ ಸಾವುಗಳೇ 124. ಅವು ಹೊಸದಾಗಿರುವಾಗಲೇ ದೋಷವಿದ್ದ ಸ್ವಿಚ್‌ಗಳು. ನಮ್ಮಲ್ಲಿ ಮನೆಯದು, ಟ್ರ್ಯಾಕ್ಟರಿನದು, ಪಂಪ್‌ಸೆಟ್ ಪೆಟ್ಟಿಗೆಯದು, ಅದರ ಮೇಲೆ ದೇವರ ಬಿಲ್ಲೆ, ಎಲ್ಲವೂ ಕಾರಿನ ಚಾವಿಗೇ ಜೋತು ಬಿದ್ದಿರುತ್ತವೆ. ಪ್ರತಿ ಗುಂಡಿಗೂ ಆ ಗೊಂಚಲು ಲಾಕ್‌ನೊಳಗಿನ ಬಿಲ್ಲೆಗಳನ್ನು ಜಗ್ಗುತ್ತದೆ. ಕಾರಿನ ಚಾವಿ ಒಂಟಿಯಾಗಿರಲಿ. ದೇವರ ಬಿಲ್ಲೆ ಡ್ಯಾಶ್‌ಬೋರ್ಡಿನ ಮೇಲೆ ಇರಬಹುದು.

‘ವಿಂಟೇಜ್’ ಕಾರಿಗೆ ಈ ತೊಂದರೆ ಇದೆಯೇ?

ತಮಾಷೆಯೆಂದರೆ, ನಿಜವಾದ ವಿಂಟೇಜ್ ಕಾರುಗಳಲ್ಲಿ ಬಹುತೇಕಕ್ಕೆ ಸ್ಟೀರಿಂಗ್ ಲಾಕ್ ಇರುವುದೇ ಇಲ್ಲ. ಅವುಗಳ ಚಾವಿ ಡ್ಯಾಶ್‌ಬೋರ್ಡಿನಲ್ಲಿ, ಹಳೆಯ ವಿಲ್ಲಿಸ್ ಜೀಪಿನಲ್ಲಿ ಸ್ಟಾರ್ಟರ್ ಒತ್ತುವುದು ಕಾಲಿನಿಂದ. ಅಮೆರಿಕದಲ್ಲಿ, ಚಾವಿ ತೆಗೆದರೆ ಸ್ಟೀರಿಂಗನ್ನೋ ಗಾಡಿಯ ಚಲನೆಯನ್ನೋ ತಡೆಯಬೇಕೆಂಬ ನಿಯಮ 1970ರ ಜನವರಿ 1ರಿಂದ ಬಂತು. ನಮ್ಮ ಊರುಗಳ ಮಟ್ಟಿಗೆ ಸ್ಟೀರಿಂಗ್ ಲಾಕ್ ಮನೆಮಾತಾದದ್ದು ಮಾರುತಿ 800 ಬಂದ ಮೇಲೆ. 1983ರ ಡಿಸೆಂಬರ್ 14ರಂದು ಅದರ ಮೊದಲ ಚಾವಿಯನ್ನು ಪ್ರಧಾನಿ ಇಂದಿರಾ ಗಾಂಧಿ ಹಸ್ತಾಂತರಿಸಿದ್ದರು. 2014ರ ಜನವರಿಯವರೆಗೆ ಆ ಕಾರು ತಯಾರಾಯಿತು.

2021ರ ಜುಲೈನ ಕೇಂದ್ರದ ನಿಯಮದ ಪ್ರಕಾರ ಮೊದಲ ನೋಂದಣಿಯಿಂದ 50 ವರ್ಷ ದಾಟಿದ ವಾಹನ ಮಾತ್ರ ವಿಂಟೇಜ್. ಹೊಸದಾಗಿ ನೋಂದಾಯಿಸಲು 20,000 ರೂಪಾಯಿ, ಅವಧಿ 10 ವರ್ಷ, ನಂಬರಿನಲ್ಲಿ ‘ವಿಎ’ ಅಕ್ಷರಗಳು. ಹಾಗೆ ನೋಂದಾಯಿಸಿದ ಕಾರನ್ನು ಪ್ರದರ್ಶನ, ರ್‍ಯಾಲಿ, ರಿಪೇರಿ, ಇಂಧನಕ್ಕಾಗಿ ರಸ್ತೆಗೆ ತರಬಹುದು, ದಿನಬಳಕೆಗೆ, ಬಾಡಿಗೆಗೆ ಓಡಿಸುವಂತಿಲ್ಲ. ಅಂದರೆ 1990ರ ಮಾರುತಿಯನ್ನು ಮದುವೆ ಮೆರವಣಿಗೆಯಲ್ಲಿ ‘ವಿಂಟೇಜ್’ ಎಂದು ಕರೆದರೂ ಕಾನೂನಿನ ಕಣ್ಣಿಗೆ ಅದು ಇನ್ನೂ ಬರೀ ಹಳೆಯ ಕಾರು.

ಗ್ಯಾರೇಜಿನಲ್ಲಿ ಏನು ಒಪ್ಪಬೇಕು, ಏನು ಬೇಡ

ಸಿಲಿಂಡರ್ ಬಿಚ್ಚಿ ಬಿಲ್ಲೆಗಳನ್ನು ತೊಳೆದು, ಸವೆದವನ್ನು ಬದಲಿಸಿ, ಹೊಸ ಚಾವಿಗೆ ಹೊಂದಿಸುವುದು ಒಳ್ಳೆಯ ರಿಪೇರಿ. ಕೈಚಳಕವಿರುವ ಚಾವಿ ಮಾಡುವವರು ಇದನ್ನು ಮಾಡುತ್ತಾರೆ. ಇಲ್ಲದಿದ್ದರೆ ಪೂರ್ತಿ ಲಾಕ್ ಸೆಟ್ ಬದಲಿಸಬೇಕು. ಅದನ್ನು ಸ್ಟೀರಿಂಗ್ ಕಂಬಕ್ಕೆ ಕಟ್ಟಿರುವ ಬೋಲ್ಟುಗಳ ತಲೆ ಬಿಗಿಸುವಾಗಲೇ ಮುರಿದು ಬೀಳುವಂಥದ್ದು, ಕಳ್ಳರು ಸುಲಭವಾಗಿ ಬಿಚ್ಚಬಾರದೆಂದು. ಹೊಸದಕ್ಕೂ ಅಂಥದೇ ಬೋಲ್ಟ್ ಹಾಕಿಸಿ.

ಒಪ್ಪಬಾರದ್ದು ಒಂದಿದೆ: ‘ಚಾವಿ ಬೇಡ ಬಿಡ್ರಿ, ಒಂದು ಬಟನ್ ಹಾಕಿ ಕೊಡ್ತೀನಿ’ ಎಂಬ ಮಾತು. ಬಟನ್ನಿನಿಂದ ಇಂಜಿನ್ ಹೊತ್ತುತ್ತದೆ, ಆದರೆ ಕೆಟ್ಟ ಲಾಕ್, ಅದರ ಪಿನ್, ಅದರ ಸ್ಪ್ರಿಂಗ್ ಅಲ್ಲೇ ಕಾದು ಕೂತಿರುತ್ತವೆ. ಬಲವಂತದಿಂದ ಅರ್ಧ ಮುರಿದು ಬಿಟ್ಟ ಪಿನ್ನಂತೂ ಇನ್ನೂ ಅಪಾಯ. ಹೊಸ ಸೆಟ್ ಸಿಗುವವರೆಗೆ ಕಾರು ಓಡಿಸಲೇಬೇಕೆಂದರೆ ಪಿನ್ ಮತ್ತು ಸ್ಪ್ರಿಂಗನ್ನು ಪೂರ್ತಿ ಹೊರತೆಗೆಸಿ, ತೆಗೆದ ತುಂಡುಗಳನ್ನು ಕೈಯಲ್ಲಿ ಕೇಳಿ ಪಡೆಯಿರಿ. ಅಷ್ಟು ದಿನ ಕಳ್ಳತನದ ಕಾವಲಿಗೆ ಪೆಡಲ್ಲಿಗೋ ಸ್ಟೀರಿಂಗಿಗೋ ಹೊರಗಿನಿಂದ ಹಾಕುವ ಲಾಕ್ ಇದೆ.

ಕೆಲಸ ಮುಗಿದ ಮೇಲೆ ಗ್ಯಾರೇಜಿನ ಮುಂದೆಯೇ, ಸಮತಟ್ಟು ನೆಲದಲ್ಲಿ, ಗಾಡಿ ನಿಂತಿರುವಾಗಲೇ ಪರೀಕ್ಷಿಸಿ. ಚಾವಿ ಆನ್ ಮಾಡಿ ಎಳೆದು ನೋಡಿ, ಹೊರಬರಬಾರದು. ಇಂಜಿನ್ ಆಫ್ ಮಾಡಿ, ಚಾವಿ ಒಳಗೇ ಇರುವಾಗ ಸ್ಟೀರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಎಲ್ಲಿಯೂ ಟಕ್ ಎಂದು ಹಿಡಿಯಬಾರದು. ಆಮೇಲೆ ಚಾವಿ ತೆಗೆದು ತಿರುಗಿಸಿ, ಈಗ ಹಿಡಿಯಬೇಕು. ಹತ್ತು ಸಲ ಹೀಗೆ ಮಾಡಿ, ಒಂದು ಸಲ ತಪ್ಪಿದರೂ ಕಾರನ್ನು ಅಲ್ಲೇ ಬಿಟ್ಟು ಬಸ್ಸಿಗೆ ಮನೆಗೆ ಹೋಗಿ.